ಸಣ್ಣ ಕಟ್ಟಡದ ಮನೆಗೂ ಐದು ವರ್ಷದ ಹೊಣೆ ಬೇಕು

ಗೃಹಪ್ರವೇಶದ ತೋರಣ ಒಣಗಿ ಉದುರಿದ ಮೇಲೆ ಬರುವ ಮೊದಲ ಮಳೆಗಾಲವೇ ಹೊಸ ಮನೆಗೆ ನಿಜವಾದ ಪರೀಕ್ಷೆ. ಬಚ್ಚಲಿನ ಗೋಡೆ ತೇವ ಹೀರುತ್ತದೆ. ಕಿಟಕಿಯ ಮೂಲೆಯಿಂದ ಬಿರುಕು ಓರೆಯಾಗಿ ಇಳಿಯುತ್ತದೆ. ಮೇಲಿನ ಮನೆಯ ನೀರು ಕೆಳಗಿನವರ ಸ್ವಿಚ್‌ಬೋರ್ಡಿಗೆ ಜಿನುಗುತ್ತದೆ. ಬಿಲ್ಡರ್‌ಗೆ ಫೋನ್ ಮಾಡಿದರೆ ಮೇಸ್ತ್ರಿಯನ್ನು ಕಳಿಸುತ್ತೇನೆಂಬ ಉತ್ತರ ಬರುತ್ತದೆ, ಮೇಸ್ತ್ರಿ ಬರುವುದಿಲ್ಲ. ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕಿದ ಕುಟುಂಬ ಆಗ ಕೇಳುವುದು ಒಂದೇ: ಈ ಮನೆಗೆ ಹೊಣೆ ಯಾರು?

2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ (ರೇರಾ) 14ನೇ ಸೆಕ್ಷನ್ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. ಮನೆ ಕೈಗೆ ಬಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಾಗಲಿ, ಕೆಲಸದ ಗುಣಮಟ್ಟದಲ್ಲಾಗಲಿ ದೋಷ ಕಂಡು ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಇಲ್ಲವಾದರೆ ಪರಿಹಾರ ಕೊಡಬೇಕು. ಅದೇ ಸೆಕ್ಷನ್ ಇನ್ನೊಂದು ಮಾತನ್ನೂ ಹೇಳುತ್ತದೆ: ಮಂಜೂರಾದ ನಕ್ಷೆಯಂತೆಯೇ ಕಟ್ಟಬೇಕು. ಗೋಡೆಯ ಗಟ್ಟಿತನ ಮತ್ತು ನಕ್ಷೆಯ ಪಾಲನೆ ಎರಡೂ ಕೊಳ್ಳುವವರಿಗೆ ಕೊಟ್ಟ ಒಂದೇ ಮಾತು ಎಂದು ಕಾನೂನು ಒಪ್ಪಿಕೊಂಡಿದೆ.

ಆದರೆ ಈ ಮಾತು ಎಲ್ಲರ ಮನೆ ಬಾಗಿಲಿಗೂ ಬಂದಿಲ್ಲ. ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಫ್ಲ್ಯಾಟುಗಳು 8ಕ್ಕಿಂತ ಹೆಚ್ಚಿಲ್ಲದಿದ್ದರೆ ರೇರಾ ನೋಂದಣಿ ಕಡ್ಡಾಯವಲ್ಲ. 500 ಚದರ ಮೀಟರ್ ಎಂದರೆ ಸುಮಾರು 5,380 ಚದರ ಅಡಿ. ನಮ್ಮ ಬಡಾವಣೆಗಳ 30x40, 40x60 ಸೈಟುಗಳಿರಲಿ, 50x80ರ ದೊಡ್ಡ ಸೈಟೂ 4,000 ಚದರ ಅಡಿ ಮಾತ್ರ. ಹಾಗಾಗಿ ಗಲ್ಲಿಗಲ್ಲಿಯಲ್ಲಿ ಏಳುತ್ತಿರುವ ಸಣ್ಣ ಅಪಾರ್ಟ್‌ಮೆಂಟುಗಳು ನೋಂದಣಿಯಿಲ್ಲದೆಯೇ ಮಾರಾಟವಾಗುತ್ತವೆ. ದೊಡ್ಡ ಸಮುಚ್ಚಯದಲ್ಲಿ ಕೊಳ್ಳಲಾಗದೆ ಇಲ್ಲಿ ಕೊಂಡವರಿಗೆ ಉಳಿಯುವುದು ಗ್ರಾಹಕರ ಆಯೋಗ, ಸಿವಿಲ್ ನ್ಯಾಯಾಲಯಗಳ ದೀರ್ಘ ಅಲೆದಾಟ.

ವಲಯ ನಿಯಮಗಳನ್ನು ಗಾಳಿಗೆ ತೂರುವುದು ಹೆಚ್ಚಾಗಿ ಕಾಣುವುದೂ ಇಂಥ ಸೈಟುಗಳಲ್ಲೇ. ವಸತಿ ವಲಯದ ರಸ್ತೆಯ ಅಗಲ ನೋಡಿ ಎತ್ತರ ನಿಗದಿಯಾಗಿರುತ್ತದೆ. ಗಾಳಿ ಬೆಳಕಿಗೆ, ಅಗ್ನಿಶಾಮಕದವರ ಓಡಾಟಕ್ಕೆ ಸುತ್ತ ಖಾಲಿ ಜಾಗ, ಅಂದರೆ ಸೆಟ್‌ಬ್ಯಾಕ್ ಬಿಡಬೇಕಿರುತ್ತದೆ. ಸೆಟ್‌ಬ್ಯಾಕ್ ನುಂಗಿ, ನಕ್ಷೆಯಲ್ಲಿಲ್ಲದ ಮಹಡಿ ಏರಿಸಿದಾಗ ಲೆಕ್ಕದಲ್ಲಿಲ್ಲದ ಆ ಭಾರವನ್ನು ಕಂಬ, ಪಾಯ ಹೊರಬೇಕಾಗುತ್ತದೆ. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಕಾರ್ಮಿಕರು ಪ್ರಾಣ ಬಿಟ್ಟರು. ಅಲ್ಲಿಯೂ ಅನುಮತಿ ಮೀರಿ ಮಹಡಿ ಏರಿತ್ತು. ಕುಸಿಯದೆ ನಿಂತ ಇಂಥ ಕಟ್ಟಡದಲ್ಲಿ ಮನೆ ಕೊಂಡವರಿಗೆ ಸ್ವಾಧೀನಾನುಭವ ಪತ್ರ ಸಿಗದು. ಅಕ್ರಮ ಕಟ್ಟಡವನ್ನು ಸಕ್ರಮಗೊಳಿಸುವ ರಾಜ್ಯದ ಯೋಜನೆಯ ಮೇಲಿನ ಆಸೆಗೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ತಪ್ಪು ಮಾಡಿದವರು ಹಣ ಎಣಿಸಿಕೊಂಡು ಹೋಗಿರುತ್ತಾರೆ. ಶಿಕ್ಷೆ ಕೊಂಡವರ ಪಾಲಿಗೆ ಬಂದಿರುತ್ತದೆ.

ಇದಕ್ಕೆ ಸಂಸತ್ತಿನ ಕಡೆ ನೋಡುತ್ತ ಕೂರಬೇಕಿಲ್ಲ. ನೋಂದಣಿಯ ಮಿತಿಯನ್ನು 500 ಚದರ ಮೀಟರ್ ಅಥವಾ 8 ಫ್ಲ್ಯಾಟಿಗಿಂತ ಕೆಳಗಿಳಿಸುವ ಅಧಿಕಾರವನ್ನು ಕಾಯ್ದೆಯ 3ನೇ ಸೆಕ್ಷನ್ ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. ಸಣ್ಣ ಬಿಲ್ಡರ್‌ಗೆ ಇದು ಹೊರೆಯಾಗುತ್ತದೆ ಎಂಬ ವಾದ ಬರುತ್ತದೆ. ಆದರೆ ಅಮೆರಿಕದ ನ್ಯೂಜೆರ್ಸಿ ರಾಜ್ಯ 1977ರಲ್ಲೇ ಮನೆ ಕಟ್ಟಿ ಮಾರುವವರ ನೋಂದಣಿಯನ್ನು ಕಡ್ಡಾಯ ಮಾಡಿತು. ಒಂಟಿ ಮನೆಗೂ ಅಲ್ಲಿ ವಾರಂಟಿ ಇದೆ: ಸಾಮಗ್ರಿ ಮತ್ತು ಕೆಲಸಕ್ಕೆ 1 ವರ್ಷ, ಕೊಳಾಯಿ, ವಿದ್ಯುತ್ ವ್ಯವಸ್ಥೆಗಳಿಗೆ 2 ವರ್ಷ, ರಚನೆಯ ದೊಡ್ಡ ದೋಷಕ್ಕೆ 10 ವರ್ಷ. ಮನೆ ಕೈ ಬದಲಾದರೂ ವಾರಂಟಿ ಮನೆಯ ಜೊತೆಗೇ ಹೋಗುತ್ತದೆ. ಹೊರೆ ಎನ್ನುವುದಾದರೆ, ಅದು ಕಟ್ಟಿದವರ ಹೆಗಲ ಮೇಲಿರುವುದೇ ನ್ಯಾಯ.

ಕರ್ನಾಟಕ ಸರ್ಕಾರ ಮಾಡಬೇಕಾದದ್ದು ಎರಡು. ಮಾರಾಟಕ್ಕೆಂದು ಕಟ್ಟುವ ನಾಲ್ಕು ಮನೆಗಳ ಕಟ್ಟಡವನ್ನೂ ರೇರಾ ವ್ಯಾಪ್ತಿಗೆ ತರಬೇಕು. ರೇರಾ ಪ್ರಾಧಿಕಾರ ಪರಿಹಾರ ಕೊಡಿಸುವ ಆದೇಶ ಹೊರಡಿಸಿದ ಮೇಲೆ, ಆ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡುವ ಕೆಲಸವನ್ನು ಕಂದಾಯ ಇಲಾಖೆ ಕಡತದಲ್ಲಿ ಕೊಳೆಯಲು ಬಿಡದೆ ಕಾಲಮಿತಿಯಲ್ಲಿ ಮುಗಿಸಬೇಕು. ಮೊದಲನೆಯದಕ್ಕೆ ಹೊಸ ಕಾನೂನೇ ಬೇಡ, ಒಂದು ಅಧಿಸೂಚನೆ ಸಾಕು. ಮುಂದಿನ ಮುಂಗಾರಿಗೆ ಮೊದಲೇ ಅದು ಹೊರಬೀಳಲಿ.