ಎರಡಕ್ಷರದ ಹೊಣೆ

ಯುರೋಪ್ ಒಕ್ಕೂಟದಲ್ಲಿ ಮಾರಾಟಕ್ಕೆ ಬರುವ ಕಾರ್ಖಾನೆಯ ಹೊಸ ಯಂತ್ರದ ಮೇಲೆ ‘ಸಿಇ’ ಎಂಬ ಎರಡಕ್ಷರ ಇರತಕ್ಕದ್ದು. ಸಾಮಾನ್ಯವಾಗಿ ಅದರ ಎತ್ತರ 5 ಮಿಲಿಮೀಟರಿಗೆ ಕಡಿಮೆಯಾಗಕೂಡದು. ಸರ್ಕಾರವೇ ಪರೀಕ್ಷಿಸಿ ಒತ್ತಿದ ಮುದ್ರೆ ಇದೆಂದು ಕೊಳ್ಳುವವರು ನಂಬುವುದುಂಟು. ಸಂಗತಿ ಹಾಗಲ್ಲ, ಬಹುಪಾಲು ಯಂತ್ರಗಳಿಗೆ ಅದನ್ನು ಹಚ್ಚುವವನು ತಯಾರಕನೇ!

ಹಚ್ಚುವ ಮುನ್ನ ಅವನು ಅಪಾಯಗಳನ್ನೆಲ್ಲ ಎಣಿಸಿ ನೋಡಬೇಕು. ಬೆಲ್ಟಿಗೂ ಗಾಲಿಗೂ ನಡುವೆ ಕೆಲಸಗಾರನ ಬೆರಳು ಸಿಕ್ಕುವಂತಿದ್ದರೆ ‘ಎಚ್ಚರಿಕೆ’ ಎಂಬ ಫಲಕವನ್ನು ತಗುಲಿಸಿ ಕೈತೊಳೆದುಕೊಳ್ಳುವಂತಿಲ್ಲ. ಮೊದಲು ವಿನ್ಯಾಸದಲ್ಲಿಯೇ ಅಪಾಯವನ್ನು ನೀಗಬೇಕು. ಆಗದಿದ್ದರೆ ಗಾರ್ಡು ಅಳವಡಿಸಬೇಕು. ಎಚ್ಚರಿಕೆಯ ಮಾತು ಕಟ್ಟಕಡೆಗೆ. 2006ರ ಯಂತ್ರ ನಿರ್ದೇಶನ ವಿಧಿಸಿದ ಕ್ರಮವಿದು. ಇದನ್ನೆಲ್ಲ ಬರೆದಿಟ್ಟ ಕಡತವನ್ನು, ಕೊನೆಯ ಯಂತ್ರ ತಯಾರಾದ ಬಳಿಕವೂ 10 ವರ್ಷ ಕಾಪಾಡಿ, ಅಧಿಕಾರಿಗಳು ಕೇಳಿದಾಗ ಮುಂದಿಡಬೇಕು.