ಲಾಯದ ಬಾಗಿಲಿಗೆ ವೈದ್ಯರು ಬರಲಿ

ಮೈಸೂರಿನ ಅರಮನೆಯ ಸುತ್ತಣ ಬೀದಿಗಳಲ್ಲಿ ಟಾಂಗಾ ಎಳೆಯುವ ಕುದುರೆಗೂ, ಲಕ್ಷಾಂತರ ರೂಪಾಯಿ ಬೆಲೆಬಾಳುವ ಪಂದ್ಯದ ಕುದುರೆಗೂ ದೇಹಧರ್ಮದಲ್ಲಿ ಭೇದವೇನೂ ಇಲ್ಲ. ಅದೇ ಕರುಳು, ಅದೇ ಶ್ವಾಸಕೋಶ, ಅದೇ ಗೊರಸು. ಆದರೆ ಒಂದು ಕೆಮ್ಮಿದರೆ ಗಳಿಗೆಯೊಳಗೆ ವೈದ್ಯರು ಲಾಯಕ್ಕೆ ಬರುವರು. ಮತ್ತೊಂದು ಹೊಟ್ಟೆಶೂಲೆಯಿಂದ ಇರುಳೆಲ್ಲ ಹೊರಳಾಡಿದರೂ ಬೆಳಗಾಗುವ ತನಕ ಅದರ ಗತಿ ಕೇಳುವವರಿಲ್ಲ. ರೋಗಿಯಾದ ಮನುಷ್ಯನನ್ನು ಹೇಗಾದರೂ ಹೊತ್ತುಕೊಂಡು ಆಸ್ಪತ್ರೆಗೆ ಹೋಗಬಹುದು. ನಾನೂರು ಕಿಲೋ ತೂಗುವ, ನೆಲಕ್ಕೆ ಬಿದ್ದ ಕುದುರೆಯನ್ನು ಹೊರುವವರಾರು? ಆದ್ದರಿಂದ ಕುದುರೆಯ ಆಸ್ಪತ್ರೆಯೆಂದರೆ ಅದರ ಲಾಯವೇ ಎಂಬುದು ನಮ್ಮ ಅಭಿಪ್ರಾಯ. ವೈದ್ಯರು ಅಲ್ಲಿಗೆ ಬರಬೇಕು. ಅವರು ಬರುವುದಕ್ಕೆ ಮೊದಲು ಮಾಡತಕ್ಕದ್ದನ್ನು ಕುದುರೆಯ ಒಡೆಯನು ಬಲ್ಲವನಾಗಿರಬೇಕು.

ಮೋಟಾರು ಬಂದ ಮೇಲೆ ಕುದುರೆಯ ಮಾತೇಕೆ ಎಂದು ನಗುವವರುಂಟು. 2012ರ ಪಶುಗಣತಿಯಲ್ಲಿ ಭಾರತದಲ್ಲಿ ಸುಮಾರು 6.25 ಲಕ್ಷವಿದ್ದ ಕುದುರೆ ಮತ್ತು ತಟ್ಟುಗಳು 2019ರ ಗಣತಿಯ ಹೊತ್ತಿಗೆ 3.4 ಲಕ್ಷಕ್ಕೆ ಇಳಿದವು ಎಂಬುದು ನಿಜ. ಜಟಕಾದಲ್ಲಿ ಕುಳಿತು ರೈಲು ನಿಲ್ದಾಣದಿಂದ ಮನೆಗೆ ಬಂದ ನೆನಪುಳ್ಳವರು ನಮ್ಮ ವಾಚಕರಲ್ಲಿ ಇನ್ನೂ ಅನೇಕರಿದ್ದಾರೆ. ಅವರ ಮೊಮ್ಮಕ್ಕಳಿಗೆ ಆ ನೆನಪಿಲ್ಲ. ಆದರೆ ಸಂಖ್ಯೆ ಕುಗ್ಗಿದಷ್ಟೂ ಅಪಾಯವು ಹೆಚ್ಚುವುದೆಂಬುದನ್ನು ಈ ವಿನೋದಪ್ರಿಯರು ಮರೆಯುತ್ತಾರೆ. ಹಸು ಎಮ್ಮೆಗಳನ್ನೇ ದಿನವೂ ನೋಡುವ ವೈದ್ಯರಿಗೆ ಕುದುರೆಯ ಮೇಲೆ ಕೈಯಿಡುವ ಅಭ್ಯಾಸವೇ ತಪ್ಪಿಹೋಗುತ್ತದೆ. ಇನ್ನೊಂದು ಮಾತು: ಗದ್ದೆಯಲ್ಲಿ ಹಾವು ಕಚ್ಚಿದ ರೈತನಿಗೆ ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ವಿಷಹರ ಮದ್ದು ಕುದುರೆಯ ರಕ್ತದಿಂದ ತೆಗೆದದ್ದು. ಸ್ವಲ್ಪಸ್ವಲ್ಪವಾಗಿ ಹಾವಿನ ವಿಷವನ್ನು ಚುಚ್ಚಿಸಿಕೊಂಡು, ಅದಕ್ಕೆ ಪ್ರತಿವಿಷವನ್ನು ತನ್ನ ಮೈಯಲ್ಲಿಯೇ ಹುಟ್ಟಿಸಿಕೊಡುವ ಪ್ರಾಣಿಯ ಋಣವು ಮೋಟಾರು ಬಂದ ಮಾತ್ರಕ್ಕೆ ತೀರಿತೆ?

ಕುದುರೆಯ ವೈದ್ಯವು ಪರದೇಶದಿಂದ ಬಂದ ವಿದ್ಯೆಯೇನೂ ಅಲ್ಲ. ಶಾಲಿಹೋತ್ರನ ಹೆಸರು ಈ ಶಾಸ್ತ್ರಕ್ಕೇ ಅಂಟಿಕೊಂಡಿದೆ. ಕನ್ನಡದಲ್ಲಿ ಚಾಲುಕ್ಯ ರಾಜವಂಶದ ಕೀರ್ತಿವರ್ಮನು ಗೋವೈದ್ಯವನ್ನೂ, ಅವನ ತರುವಾಯ ಅಭಿನವಚಂದ್ರನು ಅಶ್ವಶಾಸ್ತ್ರವನ್ನೂ ಬರೆದರು. ಆಂಗ್ಲರ ಆಳಿಕೆಯಲ್ಲಿ ಹೊಸ ಶಾಸ್ತ್ರವು ಬಂದಿತಾದರೂ, ಕುದುರೆಯ ಮಟ್ಟಿಗೆ ಅದರ ಗಮನವೆಲ್ಲ ಬಹುಮಟ್ಟಿಗೆ ದಂಡಿನ ಲಾಯಗಳ ಮೇಲೆಯೇ ಇದ್ದಿತು. ದಂಡಿನ ಪಶುವೈದ್ಯನಾಗಿದ್ದ ಗ್ರಿಫಿತ್ ಇವಾನ್ಸ್ ಎಂಬಾತನು 1880ರಲ್ಲಿ ಸುರ್ರಾ ಎಂಬ ಜ್ವರದಿಂದ ಸಾಯುತ್ತಿದ್ದ ಕುದುರೆಗಳ ರಕ್ತದಲ್ಲಿ ಈಜಾಡುವ ಸೂಕ್ಷ್ಮಜೀವಿಯನ್ನು ಕಂಡುಹಿಡಿದದ್ದು ಡೇರಾ ಇಸ್ಮಾಯಿಲ್ ಖಾನಿನಲ್ಲಿ. ರಾವುತನ ಕುದುರೆಗೆ ದೊರೆತ ಆ ಗಮನವು ಸ್ವತಂತ್ರ ದೇಶದಲ್ಲಿ ಟಾಂಗಾದವನ ಕುದುರೆಗೂ ದೊರೆಯಬೇಡವೆ?

ಈಗ ಲಾಯದೊಳಗಿನ ಮಾತಿಗೆ ಬರೋಣ. ಕುದುರೆಗೆ ಮೃತ್ಯುವು ಹೆಚ್ಚಾಗಿ ಬರುವುದು ಹೊಟ್ಟೆಯ ದಾರಿಯಿಂದ. ಅದರ ಜಠರವು ಮೈಯ ಗಾತ್ರಕ್ಕೆ ಹೋಲಿಸಿದರೆ ಬಹಳ ಚಿಕ್ಕದು. ತಿಂದದ್ದನ್ನು ವಾಂತಿಮಾಡುವ ಶಕ್ತಿಯೂ ಅದಕ್ಕಿಲ್ಲ. ದಿನದ ಬಹುಭಾಗವೆಲ್ಲ ಸ್ವಲ್ಪಸ್ವಲ್ಪವಾಗಿ ಹುಲ್ಲು ಮೇಯುವುದಕ್ಕಾಗಿ ಸೃಷ್ಟಿಯಾದ ಪ್ರಾಣಿ ಅದು. ಬೆಳಗಿನಿಂದ ಬರಿಹೊಟ್ಟೆಯಲ್ಲಿ ದುಡಿಸಿ, ರಾತ್ರಿ ಒಂದೇ ಸಲಕ್ಕೆ ಬಕೆಟ್ಟಿನ ತುಂಬ ಹುರುಳಿ ಬೂಸಾ ಸುರಿದರೆ ಶೂಲೆಯನ್ನು ಕರೆದು ಮಣೆಹಾಕಿದಂತೆಯೇ ಸರಿ. ಗರಿಕೆಯೂ ಒಣಹುಲ್ಲೂ ಮೊದಲು, ನೆನೆಸಿದ ಇಲ್ಲವೆ ಬೇಯಿಸಿದ ಹುರುಳಿ ಆಮೇಲೆ, ಅದೂ ಎರಡು ಮೂರು ಹೊತ್ತಿಗೆ ಹಂಚಿ. ಶುದ್ಧವಾದ ನೀರು ಸದಾ ಎದುರಿಗೆ. ಬೂಸಾ ಅಗ್ಗವೆಂದು ಅದನ್ನೇ ಮುಖ್ಯ ಆಹಾರವಾಗಿ ಮಾಡುವುದೂ ಕೆಡುಕು. ಅದರಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಮೆ. ತಿಂಗಳುಗಟ್ಟಲೆ ಹಾಗೆ ತಿನ್ನಿಸಿದರೆ ಮೂಳೆಗಳು ಸತ್ತ್ವಗುಂದಿ ಮುಖದ ಎಲುಬುಗಳು ಊದಿಕೊಳ್ಳುವುವು. ಬಿಡುವಿನ ದಿನವೂ ಕೆಲಸದ ದಿನದಷ್ಟೇ ಕಾಳು ತಿನ್ನಿಸಿ ಮರುದಿನ ಗಾಡಿಗೆ ಹೂಡಿದರೆ ಕೆಲವು ಕುದುರೆಗಳ ಹಿಂದೊಡೆಗಳು ಮರದಂತೆ ಬಿಗಿದು, ಮೂತ್ರವು ಕಾಫಿಯ ಬಣ್ಣಕ್ಕೆ ತಿರುಗುವುದು. ಹೀಗಾದಾಗ ಚಾಟಿ ಬೀಸಿ ನಡೆಸುವುದು ಕೊಲೆಗೆ ಸಮಾನ. ನಿಂತ ಎಡೆಯಲ್ಲಿಯೇ ಗಾಡಿ ಬಿಚ್ಚಿ ವೈದ್ಯರಿಗೆ ಹೇಳಿಕಳುಹಿಸತಕ್ಕದ್ದು.

ಶೂಲೆ ಬಂದಾಗ ನಮ್ಮ ಜನ ಮಾಡುವ ಚಿಕಿತ್ಸೆಯನ್ನು ಕುರಿತು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಪಕ್ಕೆಗೆ ಬರೆ ಎಳೆಯುವರು. ಬಿದಿರಿನ ಗೊಟ್ಟದಲ್ಲಿ ಎಣ್ಣೆಯನ್ನೋ ಕಷಾಯವನ್ನೋ ತುಂಬಿ, ತಲೆಯನ್ನು ಮೇಲಕ್ಕೆತ್ತಿ ಗಂಟಲಿಗೆ ಹೊಯ್ಯುವರು. ನೋವಿನಿಂದ ಒದ್ದಾಡುವ ಕುದುರೆಗೆ ಹೊಯ್ದ ಎಣ್ಣೆಯು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯಬಹುದು. ಶೂಲೆಯಿಂದ ಉಳಿದದ್ದು ಶ್ವಾಸಕೋಶದ ಬಾವಿನಿಂದ ಸಾಯಬಹುದು. ವೈದ್ಯರು ಎಣ್ಣೆ ಕೊಡಬೇಕಾದರೆ ಮೂಗಿನಿಂದ ಜಠರದವರೆಗೆ ಕೊಳವೆ ಇಳಿಸಿ ಕೊಡುತ್ತಾರೆ. ಆ ಕೊಳವೆಯನ್ನು ಇಳಿಸಲು ಬಲ್ಲವರು ಲಾಯದ ಬಾಗಿಲಿಗೆ ಬಾರದಿರುವುದರಿಂದಲೇ ಗೊಟ್ಟವು ಇನ್ನೂ ಬದುಕಿದೆ. ಬಡವನನ್ನು ಬೈದು ಫಲವಿಲ್ಲ.

ವೈದ್ಯರನ್ನು ಕರೆಯುವ ಹೊತ್ತು ಬಂದಿತೆಂದು ತಿಳಿಯುವ ಬಗೆಯನ್ನಾದರೂ ಪ್ರತಿಯೊಬ್ಬ ಒಡೆಯನೂ ಕಲಿಯಬಹುದು. ಆರೋಗ್ಯವಾಗಿರುವ, ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ಮೈಯ ಕಾವು 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್. ನಾಡಿಯು ನಿಮಿಷಕ್ಕೆ 28ರಿಂದ 44. ಉಸಿರು 8ರಿಂದ 16. ಕೆಳದವಡೆಯ ಅಂಚಿನ ಒಳಮಗ್ಗುಲಲ್ಲಿ ಬೆರಳಿಟ್ಟರೆ ನಾಡಿಯು ಸಿಕ್ಕುತ್ತದೆ. ಒಸಡು ನಸುಗೆಂಪಾಗಿದ್ದು, ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಬಣ್ಣ ತುಂಬಬೇಕು. ಪಕ್ಕೆಯನ್ನು ತಿರುತಿರುಗಿ ನೋಡುತ್ತ, ನೆಲ ಕೆರೆಯುತ್ತ, ಲದ್ದಿ ಹಾಕದೆ ಬೆವರುವ ಕುದುರೆಯ ನಾಡಿಯು 60ನ್ನು ದಾಟಿತೆಂದರೆ ಒಂದು ಗಳಿಗೆಯೂ ತಡೆಯಲಾಗದು. ಒಂದು ಉಷ್ಣಮಾಪಕ, ಒಂದು ಗಡಿಯಾರ, ದಿನಕ್ಕೆ ಐದು ನಿಮಿಷ: ಇದಕ್ಕಿಂತ ಹೆಚ್ಚಿನ ಉಪಕರಣವೇನೂ ಬೇಕಾಗಿಲ್ಲ.

ಗೊರಸಿನ ವಿಷಯವೂ ಹೀಗೆಯೇ. ಆರೆಂಟು ವಾರಗಳಿಗೊಮ್ಮೆ ಲಾಳ ಬಿಚ್ಚಿ, ಬೆಳೆದ ಗೊರಸನ್ನು ಕೆತ್ತಿ, ಮತ್ತೆ ಲಾಳ ಕಟ್ಟಿಸಬೇಕು. ದಿನವೂ ಗೊರಸನ್ನೆತ್ತಿ ಕಲ್ಲು, ಮೊಳೆ, ಲದ್ದಿಯ ಕೆಸರನ್ನು ತೆಗೆಯಬೇಕು. ಲಾಳ ಕಟ್ಟುವವರ ಸಂತತಿ ಊರೂರಿನಲ್ಲಿಯೂ ಕ್ಷೀಣಿಸುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಬೀದಿಯ ಮೊಳೆ ಚುಚ್ಚಿದ ಗೊರಸಿನ ಮೂಲಕ ಧನುರ್ವಾಯುವು ಹೊಗುತ್ತದೆ. ಸಾಕುಪ್ರಾಣಿಗಳಲ್ಲೆಲ್ಲ ಈ ರೋಗಕ್ಕೆ ಅತಿ ಸುಲಭವಾಗಿ ತುತ್ತಾಗುವುದು ಕುದುರೆಯೇ. ದವಡೆ ಕಚ್ಚಿಕೊಂಡು, ಬಾಲ ಸೆಟೆದು, ಕಣ್ಣಿನ ಒಳಪೊರೆ ಅಡ್ಡಬಂದು ಸಾಯುವ ಆ ದೃಶ್ಯವನ್ನು ಕಂಡವರು ಮರೆಯಲಾರರು. ಮೊದಲಲ್ಲಿ ಕೆಲವು ವಾರಗಳ ಅಂತರದಲ್ಲಿ ಎರಡು, ತರುವಾಯ ವರ್ಷಕ್ಕೊಂದು ಚುಚ್ಚುಮದ್ದು ಹಾಕಿಸಿದರೆ ಇದನ್ನು ತಪ್ಪಿಸಬಹುದು. ಕುಂಟುವ ಕುದುರೆಗೆ ನೋವು ಮರೆಸುವ ಮದ್ದು ಕೊಟ್ಟು ಗಾಡಿಗೆ ಹೂಡುವವರೂ ಉಂಟು. ಅವರನ್ನು ಕುರಿತು ಬರೆಯಲು ನಮಗೆ ಸಭ್ಯವಾದ ಪದ ಸಿಕ್ಕದು.

ಅಂಟುರೋಗದ ಸಂಗತಿ ಬೇರೆ. ಮೂಗಿನಿಂದ ಮಂದವಾದ ಕೀವು ಸುರಿದು, ಹೊಳ್ಳೆಯೊಳಗೆ ಹುಣ್ಣಾಗಿ, ಚರ್ಮದ ಮೇಲೆ ಗಂಟುಗಳು ಸಾಲುಗಟ್ಟುವ ಗ್ಲ್ಯಾಂಡರ್ಸ್ ರೋಗಕ್ಕೆ ತಡೆಮದ್ದಿಲ್ಲ. ಅದು ಕುದುರೆಯಿಂದ ಮನುಷ್ಯನಿಗೂ ತಗಲಬಲ್ಲದು. 1899ರ ಶಾಸನದ ಸ್ಥಾನದಲ್ಲಿ ಈಗ 2009ರ ಶಾಸನವಿದೆ. ರೋಗವು ಹಿಸ್ಸಾರಿನ ರಾಷ್ಟ್ರೀಯ ಅಶ್ವಸಂಶೋಧನ ಕೇಂದ್ರದಂತಹ ಪರೀಕ್ಷಾಲಯದಲ್ಲಿ ದೃಢಪಟ್ಟರೆ ಕುದುರೆಯನ್ನು ಕೊಲ್ಲಲೇಬೇಕು, ಒಡೆಯನಿಗೆ ಪರಿಹಾರಧನವುಂಟು. ನಿಯಮವು ಸರಿಯಾದದ್ದೇ. ಆದರೆ ಮನೆಯ ಅನ್ನವೇ ಆಗಿರುವ ಕುದುರೆಯನ್ನು ಇಂದು ಕೊಂದು ಪರಿಹಾರವನ್ನು ಎಂದೋ ಕೊಡುವುದಾದರೆ, ಯಾವ ಬಡವನು ತಾನಾಗಿ ಬಂದು ರೋಗವನ್ನು ತಿಳಿಸಿಯಾನು? ಬಚ್ಚಿಟ್ಟ ರೋಗವು ಊರಿಗೆಲ್ಲ ಹರಡುವುದು. ಕುದುರೆಯನ್ನು ಹೂಳುವ ದಿನವೇ ಪರಿಹಾರದ ಹಣವು ಒಡೆಯನ ಕೈಗೆ ಬರಬೇಕು. ಅದು ದಯೆಯಲ್ಲ, ಊರಿನ ಆರೋಗ್ಯಕ್ಕೆ ತೆರುವ ಬೆಲೆ.

ಮನೆಬಾಗಿಲಿಗೆ ಹೋಗುವ ವೈದ್ಯದ ಮಹಿಮೆಯನ್ನು ಈ ದೇಶವು ಅರಿಯದೆ ಇಲ್ಲ. ದನಗಳ ದೊಡ್ಡರೋಗವನ್ನು ಎದುರಿಸಲು ಮೈಸೂರು ಸಂಸ್ಥಾನದವರು 1925ರಲ್ಲಿ ಹೆಬ್ಬಾಳದಲ್ಲಿ ಸೀರಂ ಸಂಸ್ಥೆಯನ್ನು ಕಟ್ಟಿದರು. ಮದ್ದಿನ ಪೆಟ್ಟಿಗೆ ಹೊತ್ತವರು ಹಟ್ಟಿಹಟ್ಟಿಗೆ ನಡೆದುಹೋದುದರಿಂದಲೇ 2006ರಲ್ಲಿ ಭಾರತವೂ, 2011ರಲ್ಲಿ ಲೋಕವೆಲ್ಲವೂ ಆ ಮಾರಿಯಿಂದ ಮುಕ್ತವಾದವು. ಹಟ್ಟಿಯ ದನವನ್ನು ಆಸ್ಪತ್ರೆಗೆ ಹೊಡೆದುಕೊಂಡು ಬಾ ಎಂದಿದ್ದರೆ ಆ ದಿನವು ಇಂದಿಗೂ ಬರುತ್ತಿರಲಿಲ್ಲ.

ನಮ್ಮ ಸರ್ಕಾರದವರು 2022ರಲ್ಲಿ ಪಶುಸಂಜೀವಿನಿ ವಾಹನಗಳನ್ನು ಹೊರಡಿಸಿ, 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ವೈದ್ಯರು ಬರುವ ಏರ್ಪಾಡು ಮಾಡಿದ್ದಾರೆ. ಇದನ್ನು ನಾವು ಮನಃಪೂರ್ವಕವಾಗಿ ಶ್ಲಾಘಿಸುತ್ತೇವೆ. ಲಕ್ಷ ಪಶುಗಳಿಗೊಂದು ವಾಹನವೆಂಬುದು ಕೇಂದ್ರದ ಲೆಕ್ಕ. ಈ ಲೆಕ್ಕದಲ್ಲಿ ಊರಿಗೆ ಬೆರಳೆಣಿಕೆಯಷ್ಟಿರುವ ಕುದುರೆಗಳು ಕಾಣದೆ ಹೋಗುವ ಸಂಭವವುಂಟು. ಟಾಂಗಾ ನಿಲ್ದಾಣವಿರುವ ಊರುಗಳಲ್ಲಿ ತಿಂಗಳಿಗೊಂದು ನಿಶ್ಚಿತ ದಿನ ಆ ವಾಹನವು ನಿಲ್ದಾಣಕ್ಕೇ ಬರಲಿ. ಜಠರದ ಕೊಳವೆ, ಗೊರಸು ಕೆತ್ತುವ ಉಳಿ, ಧನುರ್ವಾಯುವಿನ ಚುಚ್ಚುಮದ್ದು ಅದರಲ್ಲಿರಲಿ. ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದ ಹೊರಬರುವ ತರುಣರಿಗೆ ಕೆಲವು ವಾರ ಕುದುರೆಯ ಲಾಯದಲ್ಲಿಯೇ ಕೈಪಳಗಿಸಲಿ; ಲಾಳ ಕಟ್ಟುವವರ ಮಕ್ಕಳಿಗೆ ಅಲ್ಲಿಯೇ ಆರು ತಿಂಗಳ ತರಬೇತಿ ಕೊಡಲಿ. ನಾಡಿ, ಉಸಿರು, ಕಾವುಗಳ ಅಂಕಿಗಳನ್ನೂ ಶೂಲೆಯ ಲಕ್ಷಣಗಳನ್ನೂ ಬರೆದ ಒಂದು ಹಾಳೆಯನ್ನು ತಿಳಿಗನ್ನಡದಲ್ಲಿ, ದಪ್ಪಕ್ಷರದಲ್ಲಿ ಅಚ್ಚುಮಾಡಿಸಿ ಪ್ರತಿ ಲಾಯದ ಗೋಡೆಗೆ ಅಂಟಿಸಲಿ.

ಮುಂಬಯಿಯ ಉಚ್ಚ ನ್ಯಾಯಾಲಯವು 2015ರಲ್ಲಿ ಆ ನಗರದ ವಿಕ್ಟೋರಿಯಾ ಗಾಡಿಗಳು ಶಾಸನಬಾಹಿರವೆಂದು ತೀರ್ಪಿತ್ತಿತು. ಹಾಗೆಯೇ ಇಲ್ಲಿಯೂ ಆಗಲಿ ಎನ್ನುವ ದಯಾಳುಗಳ ಮನಸ್ಸನ್ನು ನಾವು ಬಲ್ಲೆವು. ಗಾಡಿ ನಿಂತ ಮೇಲೆ ಆ ಕುದುರೆಗೆ ಮೇವು ಹಾಕುವವರಾರೆಂಬುದನ್ನು ಅವರು ಮೊದಲು ಹೇಳಲಿ. ಅಲ್ಲಿಯವರೆಗೆ ಚಿಕಿತ್ಸೆಯ ಮಾತನ್ನು ಆಡೋಣ. ನಾಡಹಬ್ಬಕ್ಕೆ ಬರುವ ಪರಸ್ಥಳದವರು ಟಾಂಗಾ ಏರುವುದಕ್ಕೆ ಒಂದು ತಿಂಗಳು ಮುಂಚೆಯೇ, ಮೈಸೂರಿನ ಪ್ರತಿಯೊಂದು ಟಾಂಗಾ ಕುದುರೆಯ ಗೊರಸು, ಹಲ್ಲು, ರಕ್ತಗಳ ಪರೀಕ್ಷೆಯು ಅದರ ಲಾಯದಲ್ಲಿಯೇ ನಡೆಯುವಂತೆ ಪಶುಪಾಲನಾ ಇಲಾಖೆಯವರೂ ನಗರಪಾಲಿಕೆಯವರೂ ಕೂಡಿ ದಿನಗೊತ್ತು ಮಾಡಬೇಕೆಂದು ಕೋರುತ್ತೇವೆ.