ಒಂದೇ ಖೋಲಿಯಲ್ಲಿ ಎರಡು ಬಿಡಾರ

ಸೋಲಾಪುರ ರಸ್ತೆಗೆ ತಾಗಿದ ಹಡಪಸರದ ಹೊಲಗಳಲ್ಲಿ ಇಂದು ಗಾಜಿನ ಸೌಧಗಳು ನಿಂತಿವೆ. ಸುಮಾರು 120 ರೈತ ಕುಟುಂಬಗಳು 400 ಎಕರೆಯಷ್ಟು ಜಮೀನನ್ನು ಒಟ್ಟುಗೂಡಿಸಿ ಮಗರಪಟ್ಟಾ ನಗರವನ್ನು ಕಟ್ಟಿದ ಕತೆ ನಮ್ಮವರಿಗೆ ಹೊಸತಲ್ಲ. ಆ ಸೌಧಗಳ ಕ್ಯಾಂಟೀನಿನಲ್ಲಿ ಚಹಾ ಕೊಡುವವರಲ್ಲಿ ನಮ್ಮವರಿದ್ದಾರೆ. ಮೇಲಂತಸ್ತಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತವರಲ್ಲಿ ನಮ್ಮವರ ಮಕ್ಕಳಿದ್ದಾರೆ. ಆ ಮಕ್ಕಳು ಹೆಗಲಿಗೆ ಹಾಕಿಕೊಂಡು ಮನೆಗೆ ತರುವ ಲ್ಯಾಪ್‌ಟಾಪಿನ ಬಗ್ಗೆ ಇಂದು ನಾಲ್ಕು ಮಾತು ಬರೆಯಬೇಕಾಗಿದೆ. ಗಿರಣಿಯವರಿಗೂ ಹೋಟೆಲಿನವರಿಗೂ ಇದರ ಗೊಡವೆ ಏಕೆ ಎಂದು ಯಾರೂ ಪುಟ ಮಗುಚದಿರಲಿ.

ಕೆಲವು ತಿಂಗಳ ಹಿಂದೆ ನಮ್ಮ ಸದಸ್ಯರೊಬ್ಬರು ಮಗಳನ್ನು ಕರೆದುಕೊಂಡು ಸಂಘಕ್ಕೆ ಬಂದಿದ್ದರು. ಕೆಲಸ ಕೊಟ್ಟ ಕಂಪನಿ ಯಂತ್ರ ಕೊಟ್ಟಿರಲಿಲ್ಲ. ‘ನಿನ್ನದನ್ನೇ ತಾ’ ಎಂದಿತ್ತು. ತಂದೆ ಸಾಲ ಮಾಡಿ ಲ್ಯಾಪ್‌ಟಾಪ್ ಕೊಡಿಸಿದರು. ಅದರೊಳಗೆ ಕಂಪನಿಯವರು ತಮ್ಮ ಕಾವಲು ತಂತ್ರಾಂಶವನ್ನು ಕೂಡಿಸಿದರು. ಹುಡುಗಿ ನೌಕರಿ ಬಿಟ್ಟ ದಿನ, ಕಚೇರಿಯಲ್ಲಿ ಕುಳಿತೇ ಯಾರೋ ಆ ಯಂತ್ರವನ್ನು ಪೂರ್ತಿ ಒರೆಸಿ ಬರಿದು ಮಾಡಿದರು. ಕಂಪನಿಯ ಕಡತಗಳ ಜೊತೆಗೆ ತೀರಿಕೊಂಡ ಅಜ್ಜಿಯ ಚಿತ್ರಗಳೂ ತಮ್ಮನ ಪರೀಕ್ಷೆಯ ಟಿಪ್ಪಣಿಗಳೂ ಹೋದವು. “ಸಹಿ ನಾನೇ ಹಾಕಿದ್ದೆ ಅಣ್ಣಾ” ಎಂದಳು. ಹಾಕಿದ್ದು ನಿಜ, ಓದಿ ಹಾಕಿರಲಿಲ್ಲ. ನಾವಾದರೂ ನಮ್ಮ ನೇಮಕದ ಕಾಗದವನ್ನು ಎಷ್ಟು ಮಂದಿ ಓದಿದ್ದೆವು!

ಇದು ಆಗದಂತೆ ತಡೆಯುವ ವಿದ್ಯೆ ಉಂಟು. ಚಾಳಿನ ಒಂದೇ ಖೋಲಿಯಲ್ಲಿ ಪರದೆ ಎಳೆದು ಎರಡು ಬಿಡಾರ ಹೂಡಿದವರು ನಾವು. ಹಾಗೆಯೇ ಒಂದು ಲ್ಯಾಪ್‌ಟಾಪಿನೊಳಗೆ ಇನ್ನೊಂದು ಪೂರ್ಣ ಯಂತ್ರವಿರುವಂತೆ ನಡೆಸಬಹುದು. ಇದನ್ನು ವರ್ಚುವಲ್ ಡೆಸ್ಕ್‌ಟಾಪ್ ಎನ್ನುತ್ತಾರೆ. ಹೊರಗಿನ ಯಂತ್ರ ಲಿನಕ್ಸ್ ಇರಲಿ, ವಿಂಡೋಸ್ ಇರಲಿ, ಮ್ಯಾಕ್ ಇರಲಿ. ಒಳಗಿನದು ಕಂಪನಿಗೆ ಬೇಕಾದ ವಿಂಡೋಸ್ ಆಗಿರಬಹುದು. ಒಳಗಿನ ಯಂತ್ರವೆಲ್ಲ ಹೊರಗಿನವರ ಲೆಕ್ಕಕ್ಕೆ ಒಂದೆರಡು ದೊಡ್ಡ ಕಡತಗಳಷ್ಟೆ. ನೌಕರಿ ಮುಗಿದಾಗ ಆ ಕಡತಗಳನ್ನು ಅಳಿಸಿದರೆ ಕಂಪನಿಯದು ಹೋಯಿತು, ಅಜ್ಜಿಯ ಚಿತ್ರ ಉಳಿಯಿತು. ವಿದ್ಯೆ ಹೊಸದೂ ಅಲ್ಲ. ಐ.ಬಿ.ಎಂ. ತನ್ನ ದೊಡ್ಡ ಗಣಕಗಳಿಗೆ 1972ರಲ್ಲೇ ಇದನ್ನು ಮಾರಾಟಕ್ಕೆ ತಂದಿತ್ತು. 1999ರಲ್ಲಿ ವಿಎಂವೇರ್ ಸಾಮಾನ್ಯ ಕಂಪ್ಯೂಟರಿಗೂ ತಂದಿತು. ಆ ಕಂಪನಿಯ ವರ್ಕ್‌ಸ್ಟೇಷನ್ ಎಂಬ ತಂತ್ರಾಂಶ 2024ರ ನವೆಂಬರಿನಿಂದ ಕಚೇರಿ ಕೆಲಸಕ್ಕೂ ಉಚಿತವಾಗಿದೆ.

ಕಂಪನಿಗಳು ಇನ್ನೊಂದು ದಾರಿಯನ್ನೂ ಹಿಡಿಯುತ್ತವೆ. ಡೆಸ್ಕ್‌ಟಾಪನ್ನು ದೂರದ ಸರ್ವರಿನಲ್ಲಿ ಇಟ್ಟುಕೊಂಡು, ಹುಡುಗರಿಗೆ ಅದರ ಚಿತ್ರವನ್ನು ಮಾತ್ರ ತಂತಿಯ ಮೂಲಕ ತೋರಿಸುವುದು. ಹಳೆಯ ಗಿರಣಿಗಳನ್ನು ಕಂಡವರಿಗೆ ಇದು ಕೂಡಲೆ ತಿಳಿದೀತು. ಆಗ ಒಂದೇ ಎಂಜಿನ್ನು, ಮಾಡಿನ ಕೆಳಗೆ ಉದ್ದದ ಶಾಫ್ಟು, ಅದರಿಂದ ಇಳಿದ ಪಟ್ಟಗಳು. ಎಂಜಿನ್ನು ನಿಂತಿತೆಂದರೆ ಖಾತೆಯ ಮಗ್ಗಗಳೆಲ್ಲ ನಿಂತವು. ಆಮೇಲೆ ಮಗ್ಗಕ್ಕೊಂದು ಮೋಟಾರು ಬಂದಿತು. ಲ್ಯಾಪ್‌ಟಾಪಿನಲ್ಲಿಯೇ ನಡೆಯುವ ಡೆಸ್ಕ್‌ಟಾಪು ಸ್ವಂತ ಮೋಟಾರಿನ ಮಗ್ಗ. ಇಂಟರ್‌ನೆಟ್ ಕಡಿದರೂ ಅರ್ಧಕ್ಕೆ ಬಂದ ಕೆಲಸ ಸಾಗುತ್ತದೆ. ದೂರದ ಡೆಸ್ಕ್‌ಟಾಪಾದರೆ ಪರದೆ ಹೆಪ್ಪುಗಟ್ಟುತ್ತದೆ, ಮತ್ತು ಹಾಜರಿಯ ಲೆಕ್ಕದಲ್ಲಿ ಆ ಹೊತ್ತು ‘ಕೆಲಸವಿಲ್ಲ’ ಎಂದು ಬೀಳುವ ಭಯವಿರುತ್ತದೆ. ಎಂಜಿನ್ನು ನಿಂತದ್ದಕ್ಕೆ ನೇಕಾರನ ಪಗಾರ ಕಡಿಯುವುದು ಯಾವ ನ್ಯಾಯ?

ಧಣಿಗಳ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ಗಿರಾಕಿಗಳ ಮಾಹಿತಿ ಸೋರಿದರೆ 2023ರ ಕಾನೂನಿನಂತೆ 250 ಕೋಟಿ ರೂಪಾಯಿಯವರೆಗೆ ದಂಡ ಹಾಕಬಹುದು. ಒಳಗಿನ ಯಂತ್ರಕ್ಕೆ ಎಷ್ಟು ಬೀಗ ಜಡಿದರೂ ಹೊರಗಿನ ಯಂತ್ರಕ್ಕೆ ವೈರಸ್ ಹತ್ತಿದ್ದರೆ, ಒತ್ತಿದ ಕೀಲಿಗಳನ್ನೆಲ್ಲ ಅದು ಕದ್ದು ನೋಡಬಲ್ಲುದು. ಆದ್ದರಿಂದ ಹೊರಗಿನದನ್ನೂ ಚೊಕ್ಕಟವಾಗಿಡು ಎಂದು ಕಂಪನಿ ಕೇಳುವುದು ತಪ್ಪಲ್ಲ. ಮನೆಯ ಕಪಾಟಿನ ಕೀಲಿಯನ್ನೇ ಕೇಳುವುದು ತಪ್ಪು.

ಖರ್ಚಿನ ಮಾತು ಮುಖ್ಯ. ಎರಡು ಬಿಡಾರಕ್ಕೆ ಜಾಗ ಬೇಕು. 8 ಜಿ.ಬಿ. ಮೆಮೊರಿಯ ಲ್ಯಾಪ್‌ಟಾಪಿನಲ್ಲಿ ಒಳಗಿನದಕ್ಕೆ 4 ಕೊಟ್ಟರೆ ಎರಡೂ ಏದುಸಿರು ಬಿಡುತ್ತವೆ; 16 ಇದ್ದರೆ ನೆಮ್ಮದಿ. ಒಳಗಿನ ವಿಂಡೋಸಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಆಪಲ್ ಕಂಪನಿ 2020ರಿಂದ ತನ್ನದೇ ಚಿಪ್ಪು ಹಾಕುತ್ತಿರುವ ಮ್ಯಾಕ್‌ಗಳಲ್ಲಿ ಆರ್ಮ್ ಜಾತಿಯ ವಿಂಡೋಸ್ ಮಾತ್ರ ಸರಾಗವಾಗಿ ನಡೆಯುವುದರಿಂದ, ಕಂಪನಿಯ ತಂತ್ರಾಂಶ ಅದರಲ್ಲಿ ಓಡೀತೇ ಎಂದು ಕೊಳ್ಳುವ ಮೊದಲೇ ಕೇಳಬೇಕು. ಇಷ್ಟನ್ನೆಲ್ಲ ಹುಡುಗಿಯ ತಂದೆಯೇ ಭರಿಸಬೇಕೆ? ಸಾಹುಕಾರನಿಂದ ನೂಲು ತಂದು, ತನ್ನ ಮಗ್ಗ, ತನ್ನ ಮನೆ, ತನ್ನ ದೀಪದೆಣ್ಣೆಯಲ್ಲಿ ನೇಯ್ದು ಕೊಡುತ್ತಿದ್ದ ನೇಕಾರರ ಮೊಮ್ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ಆ ಲೆಕ್ಕದಲ್ಲಿ ಲಾಭ ಯಾರದಾಗಿತ್ತೆಂದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಕಂಪನಿಯ ಕೆಲಸಕ್ಕೆ ಯಂತ್ರವನ್ನು ಕಂಪನಿಯೇ ಕೊಡಲಿ. ಕೊಡದಿದ್ದರೆ ಹೆಚ್ಚಿನ ಮೆಮೊರಿ, ಲೈಸೆನ್ಸ್, ಇಂಟರ್‌ನೆಟ್ ಇವುಗಳ ಹಣವನ್ನು ಪಗಾರದ ಹೊರತಾಗಿ ಕೊಡಲಿ. ಕಾವಲೂ ಅಳಿಸುವ ಅಧಿಕಾರವೂ ಒಳಗಿನ ಡೆಸ್ಕ್‌ಟಾಪಿನ ಗಡಿ ದಾಟಬಾರದೆಂದು ನೇಮಕದ ಕಾಗದದಲ್ಲಿಯೇ ಬರೆಯಲಿ.

ಅಂಥ ಕಾಗದ ಮಕ್ಕಳ ಕೈಗೆ ಬಂದಿದ್ದರೆ, ಸಹಿ ಬೀಳುವ ಮೊದಲು ಸಂಘಕ್ಕೆ ತನ್ನಿ. ಇಂಗ್ಲಿಷ್ ಬಲ್ಲವರು ಕೂತು ಓದಿ, ಕನ್ನಡದಲ್ಲಿ ಅರ್ಥ ಹೇಳುತ್ತಾರೆ.